ವಿಮಾನವಾಹಕ ನೌಕೆಗಳು: ಜಪಾನಿನ ಏಳುಬೀಳು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಕಡಲಿನಿಂದ ದೂರವಾದುದು. ಇಲ್ಲಿಯ ಬಾಲಕರು ಕಂಡರಿತ ಮಹಾಜಲವೆಂದರೆ ಮಡಗದ ಕೆರೆ, ಅಯ್ಯನಕೆರೆಗಳೇ. ಆದರೂ ನೌಕಾಯುದ್ಧದ ಒಂದು ಮುಖ್ಯ ತತ್ತ್ವವನ್ನು ಗ್ರಹಿಸಲು ಈ ಸೀಮೆಯವರು ದೂರ ಹೋಗಬೇಕಾದುದಿಲ್ಲ. ಅಜ್ಜಂಪುರದಲ್ಲಿ ಪೋಷಿತವಾಗಿ ಬಂದ ಅಮೃತಮಹಲ್ ತಳಿಯ ದನಗಳನ್ನು ನೋಡಿದರೆ ಸಾಕು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆಚಾವಡಿ ಎಂಬ ಹೆಸರಿನಲ್ಲಿದ್ದು, ಟಿಪ್ಪುಸುಲ್ತಾನನಿಂದ ಅಮೃತಮಹಲ್ ಎಂಬ ನಾಮವನ್ನು ಪಡೆದ ಈ ಗೋಸಂಪತ್ತು ಸೈನ್ಯದ ತೋಪುಗಳನ್ನೂ ಸಾಮಗ್ರಿಯನ್ನೂ ಎಳೆಯುತ್ತಿತ್ತು. ಎತ್ತು ತಾನು ಕಾದುವುದಿಲ್ಲ. ಕಾದುವ ತೋಪನ್ನು ಶತ್ರುವು ನೆನೆಸದ ಹೊತ್ತಿಗೆ, ನೆನೆಸದ ಎಡೆಗೆ ಒಯ್ದು ನಿಲ್ಲಿಸುತ್ತದೆ. ವಿಮಾನವಾಹಕ ನೌಕೆಯ ಮರ್ಮವೂ ಇಷ್ಟೇ. ಅದು ಹೊತ್ತ ವಿಮಾನಗಳೇ ಅದರ ತೋಳ್ಬಲ.

ಈ ನೌಕೆಯ ಮೇಲ್ಭಾಗವು ತುದಿಯಿಂದ ತುದಿಗೆ ಸಮತಟ್ಟಾದ ಹಾದಿ. ಅದರ ಕೆಳಗೆ ವಿಮಾನಗಳ ಕೊಟ್ಟಿಗೆ. ಅಲ್ಲಿ ಅವುಗಳ ದುರಸ್ತಿ, ಅಲ್ಲಿಂದ ಎತ್ತುಯಂತ್ರಗಳ ಮೂಲಕ ಮೇಲಕ್ಕೆ ಆಗಮನ. ನೆಲದ ವಿಮಾನನಿಲ್ದಾಣದಷ್ಟು ಉದ್ದದ ಓಟ ಇಲ್ಲಿ ಸಾಧ್ಯವಿಲ್ಲದ ಕಾರಣ, ವಿಮಾನಗಳು ಏರುವ ಸಮಯಕ್ಕೆ ನೌಕೆಯು ಗಾಳಿಗೆ ಎದುರಾಗಿ ವೇಗವಾಗಿ ಸಾಗುತ್ತದೆ. ಗಾಳಿಯ ವೇಗವೂ ನೌಕೆಯ ವೇಗವೂ ಕೂಡಿ ವಿಮಾನದ ರೆಕ್ಕೆಗಳನ್ನು ಎತ್ತಿಹಿಡಿಯುತ್ತವೆ. ಇಳಿಯುವಾಗ ವಿಮಾನದ ಬಾಲದ ಕೊಕ್ಕೆಯು ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿದು ನಿಲ್ಲಬೇಕು. ತೂಗಾಡುವ ನೌಕೆಯ ಮೇಲೆ ಹೀಗೆ ಇಳಿಯುವುದು ಬಹುಕಾಲದ ಅಭ್ಯಾಸದಿಂದ ಮಾತ್ರ ಕೈಗೂಡುವ ವಿದ್ಯೆ. ಈ ಮಾತನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಜಪಾನ್ ಈ ವಿದ್ಯೆಯಲ್ಲಿ ಬಹು ಬೇಗನೆ ಮುಂದುವರಿಯಿತು. ಮೊದಲಿನಿಂದಲೂ ವಿಮಾನವಾಹಕವೆಂದೇ ಕಟ್ಟಲ್ಪಟ್ಟ ಪ್ರಪಂಚದ ಆದಿಮ ನೌಕೆಗಳಲ್ಲೊಂದಾದ 'ಹೋಶೊ' 1922ರ ಡಿಸೆಂಬರಿನಲ್ಲಿ ಅದರ ನೌಕಾಪಡೆಯನ್ನು ಸೇರಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಆದ ಒಪ್ಪಂದವು ಭಾರಿ ರಣನೌಕೆಗಳ ಸಂಖ್ಯೆಗೆ ಮಿತಿ ಹಾಕಲಾಗಿ, ಅರೆಬರೆ ಕಟ್ಟಿದ್ದ ಅಂಥ ಎರಡು ಒಡಲುಗಳನ್ನು ಜಪಾನ್ 'ಅಕಾಗಿ', 'ಕಾಗಾ' ಎಂಬ ವಿಮಾನವಾಹಕಗಳನ್ನಾಗಿ ಮಾರ್ಪಡಿಸಿತು. ಅನಂತರ 'ರ್ಯುಜೊ', 'ಸೋರ್ಯು', 'ಹಿರ್ಯು' ಬಂದವು. 1941ರಲ್ಲಿ 'ಶೋಕಾಕು', 'ಜುಯಿಕಾಕು' ಎಂಬ ಅವಳಿಗಳು ಸಿದ್ಧವಾದವು.

1941ರ ಡಿಸೆಂಬರ್ 7ರಂದು ಅಡ್ಮಿರಲ್ ನಗುಮೊನ ನಾಯಕತ್ವದಲ್ಲಿ ಆರು ವಿಮಾನವಾಹಕಗಳು ಹವಾಯಿ ದ್ವೀಪಗಳ ಪರ್ಲ್ ಹಾರ್ಬರಿನ ಮೇಲೆ ಸುಮಾರು 350 ವಿಮಾನಗಳನ್ನು ಎರಡು ತಂಡಗಳಾಗಿ ಕಳುಹಿಸಿದವು. ಅಮೆರಿಕದ ರಣನೌಕೆಗಳ ಸಾಲು ಕೆಲವೇ ಗಂಟೆಗಳಲ್ಲಿ ಧ್ವಂಸವಾಯಿತು. 2,403 ಮಂದಿ ಮಡಿದರು. ಆದರೆ ಅಮೆರಿಕದ ವಿಮಾನವಾಹಕಗಳಲ್ಲಿ ಒಂದೂ ಆ ದಿನ ಬಂದರಿನಲ್ಲಿರಲಿಲ್ಲ.

ನಾಲ್ಕೇ ತಿಂಗಳಿನಲ್ಲಿ ಈ ಬಿರುಗಾಳಿ ಭಾರತದ ಕಡಲಿಗೂ ಬಂದಿತು. 1942ರ ಏಪ್ರಿಲ್ 5ರಂದು ನಗುಮೊನ ಐದು ವಿಮಾನವಾಹಕಗಳ ವಿಮಾನಗಳು ಕೊಲಂಬೊ ನಗರದ ಮೇಲೆ ಎರಗಿದವು. ಅದೇ ದಿನ 'ಡಾರ್ಸೆಟ್‌ಷೈರ್', 'ಕಾರ್ನ್‌ವಾಲ್' ಎಂಬ ಬ್ರಿಟಿಷ್ ಕ್ರೂಸರುಗಳು ಮುಳುಗಿದವು. 9ರಂದು ತ್ರಿಂಕೋಮಲಿಯ ಮೇಲೆ ದಾಳಿಯಾಯಿತು. ಒಂದು ವಿಮಾನವೂ ಇಲ್ಲದೆ ಕಡಲಲ್ಲಿದ್ದ ಬ್ರಿಟಿಷ್ ವಿಮಾನವಾಹಕ 'ಹರ್ಮಿಸ್' ಸಿಂಹಳದ ಪೂರ್ವ ತೀರದ ಬಳಿ ಮುಳುಗಿ 307 ಮಂದಿ ಅಸುನೀಗಿದರು. ತೋಪಿಲ್ಲದ ಎತ್ತಿನ ಸ್ಥಿತಿ ಅದರದು. ಈ ನಡುವೆ 'ರ್ಯುಜೊ' ನೌಕೆಯನ್ನೊಳಗೊಂಡ ಇನ್ನೊಂದು ದಳವು ಬಂಗಾಳಕೊಲ್ಲಿಯಲ್ಲಿ ಸುಮಾರು 20 ವಾಣಿಜ್ಯ ಹಡಗುಗಳನ್ನು ನಾಶಮಾಡಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ಜಪಾನಿನ ಸೈನ್ಯವೇ ದಡಕ್ಕಿಳಿಯುವುದೆಂಬ ಭೀತಿ ಹಬ್ಬಿ, ಮದ್ರಾಸಿನಿಂದ ಸಹಸ್ರಾರು ಕುಟುಂಬಗಳು ಊರು ತೊರೆದವು. ಸರ್ಕಾರಿ ಕಚೇರಿಗಳೂ ಒಳನಾಡಿಗೆ ಸರಿದವು. ಇಳಿಯುವ ಸೈನ್ಯ ಆ ನೌಕೆಗಳಲ್ಲಿ ಇರಲೇ ಇಲ್ಲ. ಬಂದ ವೇಗದಿಂದಲೇ ಅವು ಪೂರ್ವಕ್ಕೆ ಹಿಂದಿರುಗಿದವು.

ಕನ್ನಡನಾಡಿಗೂ ಈ ಯುದ್ಧಕ್ಕೂ ನಂಟು ಬೆಳೆದುದು ಬೆಂಗಳೂರಿನಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಅಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಯುದ್ಧ ಹತ್ತಿರವಾದಂತೆ 1942ರಲ್ಲಿ ಅದರ ಆಡಳಿತವನ್ನು ಭಾರತ ಸರ್ಕಾರವೂ, ಮರುವರ್ಷ ಅಮೆರಿಕದ ವಾಯುಸೇನೆಯೂ ವಹಿಸಿಕೊಂಡು, ಅದು ಯುದ್ಧವಿಮಾನಗಳ ದೊಡ್ಡ ದುರಸ್ತಿಶಾಲೆಯಾಯಿತು. ಕೊಲಂಬೊದ ದಾಳಿಯ ಹಿಂದಿನ ದಿನ ಜಪಾನಿನ ದಂಡನ್ನು ಕಡಲ ನಡುವೆ ಕಂಡು ಎಚ್ಚರಿಕೆ ಕೊಟ್ಟುದು 'ಕ್ಯಾಟಲೀನ' ಜಾತಿಯ ಒಂದು ಕಡಲ ವಿಮಾನ. ಅದೇ ಜಾತಿಯ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು, ಕನ್ನಡಿಗ ಕುಶಲಕರ್ಮಿಗಳ ಕೈಯಲ್ಲಿ ಸಜ್ಜಾಗಿ ಮರಳುತ್ತಿದ್ದವು.

1942ರ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ಜಪಾನಿನ ಭಾಗ್ಯ ಮಗುಚಿತು. ಅದರ ಗುಪ್ತಲಿಪಿಯನ್ನು ಭೇದಿಸಿದ್ದ ಅಮೆರಿಕನರು ಮೊದಲೇ ಹೊಂಚಿ ಕಾದಿದ್ದರು. ಬಾಂಬು, ಪೆಟ್ರೋಲುಗಳಿಂದ ತುಂಬಿದ ವಿಮಾನಗಳು ಕೆಳಗಿನ ಕೊಟ್ಟಿಗೆಯಲ್ಲಿರುವಾಗಲೇ ಮೇಲಿನಿಂದ ಬಾಂಬುಗಳು ಬಿದ್ದು, ಅಕಾಗಿ, ಕಾಗಾ, ಸೋರ್ಯುಗಳು ಕೆಲವೇ ನಿಮಿಷಗಳಲ್ಲಿ ಉರಿಯತೊಡಗಿದವು. ಅಪರಾಹ್ಣ ಹಿರ್ಯುವಿಗೂ ಅದೇ ಗತಿಯಾಯಿತು.

ಆದರೆ ಜಪಾನ್ ಸೋತುದು ನಾಲ್ಕು ಹಡಗುಗಳು ಮುಳುಗಿದುದರಿಂದ ಮಾತ್ರವೇ ಎಂದು ತಿಳಿಯಲಾಗದು. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಯನ್ನು ಹೊಕ್ಕು ಕಬ್ಬಿಣವಾಗಿ ಹೊರಬೀಳುತ್ತಿದ್ದುದನ್ನು ಈ ಭಾಗದ ಹಿರಿಯರು ಬಲ್ಲರು. ಅದಿರೂ ಇದ್ದಿಲೂ ಇದ್ದರೆ ಕಬ್ಬಿಣವನ್ನು ಮತ್ತೆ ಪಡೆಯಬಹುದು. ಪರಿಣತನಾದ ಮನುಷ್ಯನನ್ನು ಕುಲುಮೆಯಿಂದ ತೆಗೆಯಲಾಗದು. ಜಪಾನಿನ ನೌಕಾಪಡೆ ತನ್ನ ವೈಮಾನಿಕರನ್ನು ಅತಿ ಕಠಿನವಾದ ಪರೀಕ್ಷೆಗಳಿಂದ ಆರಿಸುತ್ತಿತ್ತು. ಉತ್ತೀರ್ಣರಾದವರು ಅಸಾಧಾರಣರು, ಆದರೆ ಕೆಲವರೇ. ಯುದ್ಧ ಬಂದಾಗ ಆ ನಿಪುಣರನ್ನು ರಣರಂಗದಲ್ಲಿಯೇ ಉಳಿಸಿಕೊಳ್ಳಲಾಯಿತು. ಅವರು ಒಬ್ಬೊಬ್ಬರಾಗಿ ಅಳಿದಾಗ ಅವರ ವಿದ್ಯೆಯೂ ಅವರೊಡನೆ ಅಳಿಯಿತು. ಅಮೆರಿಕವಾದರೋ ಅನುಭವಿಗಳನ್ನು ಸರದಿಯ ಮೇಲೆ ಮನೆಗೆ ಕರೆಸಿ, ಹೊಸಬರಿಗೆ ಪಾಠ ಹೇಳಲು ನೇಮಿಸಿತು. ಒಬ್ಬನ ಅನುಭವ ನೂರಾರು ಜನರಿಗೆ ಹಂಚಿಹೋಯಿತು.

ಇದರ ಫಲ 1944ರಲ್ಲಿ ಕಾಣಿಸಿತು. ಜೂನ್ 19, 20ರಂದು ಫಿಲಿಪೈನ್ ಸಮುದ್ರದ ಕದನದಲ್ಲಿ ಸಾಕಷ್ಟು ಶಿಕ್ಷಣವಿಲ್ಲದ ತರುಣರು ಹಾರಿಸಿದ 300ಕ್ಕೂ ಹೆಚ್ಚು ವಿಮಾನಗಳು ಎರಡೇ ದಿನಗಳಲ್ಲಿ ನಷ್ಟವಾದವು. ಶೋಕಾಕುವೂ, ಹೊಸತಾದ 'ತಾಯ್ಹೊ'ವೂ ಜಲಾಂತರ್ಗಾಮಿಗಳಿಗೆ ಬಲಿಯಾದವು. ಅಕ್ಟೋಬರ್ 25ರಂದು ಜುಯಿಕಾಕು ಮೊದಲಾದ ನಾಲ್ಕು ವಿಮಾನವಾಹಕಗಳನ್ನು ಶತ್ರುವನ್ನು ಸೆಳೆಯುವ ಎರೆಯನ್ನಾಗಿ ಒಡ್ಡಲಾಯಿತು. ಹಾರಿಸಬಲ್ಲವರು ಇಲ್ಲದ ಮೇಲೆ ಆ ಮಹಾನೌಕೆಗಳಿಗೆ ಬೇರೆ ಉಪಯೋಗ ಉಳಿದಿರಲಿಲ್ಲ. ನಾಲ್ಕೂ ಮುಳುಗಿದವು. ಪರ್ಲ್ ಹಾರ್ಬರಿಗೆ ಹೋಗಿದ್ದ ಆರರಲ್ಲಿ ಒಂದೂ ಉಳಿಯಲಿಲ್ಲ. ಉಳಿದುದು ಎಲ್ಲಕ್ಕೂ ಹಿರಿಯದಾದ ಹೋಶೊ. ಅದು ಅಭ್ಯಾಸದ ನೌಕೆಯಾಗಿದ್ದು, ಯುದ್ಧಾನಂತರ ಪರದೇಶಗಳಲ್ಲಿ ಸಿಕ್ಕಿಬಿದ್ದ ಜಪಾನೀಯರನ್ನು ಮನೆಗೆ ತಂದುಬಿಟ್ಟಿತು. ಕೊಲ್ಲಲು ಹುಟ್ಟಿದ ಆ ಕುಲದಲ್ಲಿ ಇದೊಂದು ಪುಣ್ಯಕಾರ್ಯ.

ಸ್ವತಂತ್ರ ಭಾರತವೂ ಈ ವಿದ್ಯೆಯನ್ನು ಕೈಗೊಂಡಿತು. 1961ರಲ್ಲಿ ಸೇವೆಗೆ ಸೇರಿದ 'ವಿಕ್ರಾಂತ' 1971ರ ಡಿಸೆಂಬರಿನಲ್ಲಿ ಅದೇ ಬಂಗಾಳಕೊಲ್ಲಿಯಿಂದ ತನ್ನ ವಿಮಾನಗಳನ್ನು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ಕಳುಹಿಸಿತು. ಕನ್ನಡ ಕರಾವಳಿಯ ಕಾರವಾರದಲ್ಲಿ 2005ರಲ್ಲಿ ಆರಂಭವಾದ ನೌಕಾನೆಲೆಗೆ ಕದಂಬರ ಹೆಸರನ್ನಿಟ್ಟುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2013ರಲ್ಲಿ ಸೇವೆಗೆ ಸೇರಿದ 'ವಿಕ್ರಮಾದಿತ್ಯ'ಕ್ಕೆ ಅದೇ ಆಶ್ರಯವಾಯಿತು. 2022ರಲ್ಲಿ ಕೊಚ್ಚಿಯಲ್ಲಿ ಸ್ವದೇಶದಲ್ಲೇ ಕಟ್ಟಿದ ಹೊಸ 'ವಿಕ್ರಾಂತ'ವೂ ನೌಕಾಪಡೆಯನ್ನು ಸೇರಿತು. 2018ರಲ್ಲಿ ಜಪಾನಿನ ಹೊಸ 'ಕಾಗಾ' ನೌಕೆ ಜಂಟಿ ಅಭ್ಯಾಸಕ್ಕಾಗಿ ವಿಶಾಖಪಟ್ಟಣಕ್ಕೆ ಅತಿಥಿಯಾಗಿ ಬಂದಿತು. 76 ವರ್ಷಗಳ ಹಿಂದೆ ಬಾಂಬುಗಳನ್ನು ಕಂಡಿದ್ದ ಊರು ಅದನ್ನು ಸ್ವಾಗತಿಸಿತು. ವೈರವು ಶಾಶ್ವತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಠದ ನೆರಳಿನಲ್ಲಿ ಓದುವ ಮಕ್ಕಳು ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಯುದ್ಧದ ವೈಭವವನ್ನಲ್ಲ. ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಮುಂದಿನವನಿಗೆ ಹರಿಯುವ ವಿದ್ಯೆಯೇ ಒಂದು ನಾಡಿನ ಅಕ್ಷಯ ಬಲ. ಅರಿತವನು ಅರಿಯದವನ ಬಳಿ ಕುಳಿತು ಕಲಿಸುವ ಶಾಲೆಗಳು ಬರಿದಾದ ನಾಡನ್ನು ಎಷ್ಟು ಉಕ್ಕಿನ ನೌಕೆಗಳಿದ್ದರೂ ತೇಲಿಸಲಾರವು.