ನಿಮಗಿದು ಗೊತ್ತೇ? ಪಾಸಾದ ಮಸೂದೆ, ಬಾರದ ಕಾನೂನು

◆ ಅತ್ಯಾಚಾರ ಪ್ರಕರಣಗಳಲ್ಲಿ 7 ಕೆಲಸದ ದಿನಗಳಲ್ಲಿ ತನಿಖೆ, 14 ಕೆಲಸದ ದಿನಗಳಲ್ಲಿ ವಿಚಾರಣೆ, ಒಟ್ಟು 21 ಕೆಲಸದ ದಿನಕ್ಕೆ ತೀರ್ಪು. ಆಂಧ್ರಪ್ರದೇಶ ವಿಧಾನಸಭೆ 2019ರ ಡಿಸೆಂಬರ್ 13ರಂದು ಒಪ್ಪಿದ ‘ದಿಶಾ’ ಮಸೂದೆಯ ಲೆಕ್ಕ ಇದು. ಗಲ್ಲು ಶಿಕ್ಷೆಯೂ ಅದರಲ್ಲಿತ್ತು. ಇದಕ್ಕೆ ಕಾರಣವಾದ ಅತ್ಯಾಚಾರ–ಕೊಲೆ ಪ್ರಕರಣ ನಡೆದದ್ದು ತೆಲಂಗಾಣದಲ್ಲಿ, ಕಾನೂನಿಗೆ ಹೊರಟದ್ದು ಪಕ್ಕದ ಆಂಧ್ರ! 2020ರ ಫೆಬ್ರವರಿಯಲ್ಲಿ ರಾಜಮಹೇಂದ್ರವರಂನಲ್ಲಿ ಮೊದಲ ದಿಶಾ ಪೊಲೀಸ್ ಠಾಣೆ ತೆರೆಯಿತು, ಮೊಬೈಲ್ ಆ್ಯಪ್ ಕೂಡ ಬಂತು. ಬಾರದೇ ಉಳಿದದ್ದು ದಿಶಾ ಕಾನೂನೊಂದೇ.

◆ ಯಾಕೆ ಬರಲಿಲ್ಲ? ಅಪರಾಧ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಶಾಸನ ಮಾಡಬಹುದು. ಆದರೆ ಕೇಂದ್ರದ ಕಾನೂನಿಗೆ ರಾಜ್ಯದ್ದು ಅಡ್ಡ ಬಂದರೆ, 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕೇ ಬೇಕು. ಸದನದಲ್ಲಿ ಮೇಜು ಕುಟ್ಟಿ ಸ್ವಾಗತಿಸಿದ ಮಾತ್ರಕ್ಕೆ ಮಸೂದೆ ಕಾನೂನಾಗುವುದಿಲ್ಲ.

◆ ಮಹಾರಾಷ್ಟ್ರದ ‘ಶಕ್ತಿ’ ಮಸೂದೆ 2021ರ ಡಿಸೆಂಬರ್‌ನಲ್ಲಿ ಪಾಸಾಯಿತು. ಅದಕ್ಕೂ ಅಂಕಿತ ಸಿಗಲಿಲ್ಲ.

◆ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಅತ್ಯಾಚಾರ–ಕೊಲೆ ನಡೆದು ತಿಂಗಳು ತುಂಬುವುದರೊಳಗೆ, 2024ರ ಸೆಪ್ಟೆಂಬರ್ 3ರಂದು, ಪಶ್ಚಿಮ ಬಂಗಾಳ ‘ಅಪರಾಜಿತಾ’ ಮಸೂದೆಯನ್ನು ಪಾಸು ಮಾಡಿತು. ಸಂತ್ರಸ್ತೆ ಸತ್ತರೆ ಗಲ್ಲೇ ಗತಿ, ಬೇರೆ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ ಎಂಬುದು ಅದರಲ್ಲಿನ ಒಂದು ಅಂಶ. ಎಡವಿದ್ದರಲ್ಲಿ ಇದೂ ಒಂದು. ಹೀಗೆ ಕಡ್ಡಾಯವಾಗಿ ಗಲ್ಲು ವಿಧಿಸುತ್ತಿದ್ದ ಐಪಿಸಿ 303ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 1983ರಲ್ಲೇ ಮಿಠು ಪ್ರಕರಣದಲ್ಲಿ ರದ್ದು ಮಾಡಿತ್ತು. 2025ರ ಜುಲೈನಲ್ಲಿ ಕೇಂದ್ರದ ಆಕ್ಷೇಪಗಳೊಂದಿಗೆ ಮಸೂದೆ ರಾಜ್ಯಕ್ಕೆ ವಾಪಸಾಯಿತು.

◆ 12 ವರ್ಷದೊಳಗಿನ ಬಾಲಕಿಯರ ಮೇಲಿನ ಅತ್ಯಾಚಾರಕ್ಕೆ ಗಲ್ಲು ಶಿಕ್ಷೆ ಎಂಬ ಮಸೂದೆಯನ್ನು ಮಧ್ಯಪ್ರದೇಶ 2017ರ ಡಿಸೆಂಬರ್‌ನಲ್ಲಿ ಪಾಸು ಮಾಡಿತು. ಐದು ತಿಂಗಳೊಳಗೆ ಕೇಂದ್ರವೇ ಅಂಥದ್ದೊಂದು ಸುಗ್ರೀವಾಜ್ಞೆ ತಂದಿತು.

◆ ಗಲ್ಲಿನ ಗದ್ದಲವಿಲ್ಲದೆ ಬಂದ ಒಂದು ಕಾನೂನೂ ಇತ್ತು. ನನ್ನ ಕೇಳಿದರೆ ಇದೇ ಹೆಚ್ಚು ಚುರುಕಾದದ್ದು. ವಿಧವಾ ವೇತನದ ಅರ್ಜಿ ಮೇಜಿನ ಮೇಲಿದೆ, ಕಾಗದಪತ್ರ ಎಲ್ಲ ಸರಿಯಾಗಿದೆ. ಸಹಿ ಹಾಕಬೇಕಾದ ಸಾಹೇಬ ಫೈಲು ಬದಿಗೆ ಸರಿಸಿ, “ಸಂಜೆ ಒಬ್ಬರೇ ಬನ್ನಿ, ನೋಡೋಣ” ಅನ್ನುತ್ತಾನೆ. ಕೈ ಮುಟ್ಟಿಲ್ಲ, ಬೆದರಿಕೆ ಹಾಕಿಲ್ಲ, ದುಡ್ಡೂ ಕೇಳಿಲ್ಲ. ಇದಕ್ಕೆ ಯಾವ ಸೆಕ್ಷನ್? ಜಮ್ಮು–ಕಾಶ್ಮೀರದ ರಣಬೀರ್ ದಂಡಸಂಹಿತೆಗೆ 2018ರ ಡಿಸೆಂಬರ್‌ನಲ್ಲಿ ಸೇರಿದ 354-ಇ ಹೇಳಿ ಮಾಡಿಸಿದಂತಿತ್ತು. ಅಧಿಕಾರದಲ್ಲಿರುವವರು ತಾವು ಕೊಡಬಹುದಾದ ಅಥವಾ ತಡೆಹಿಡಿಯಬಹುದಾದ ಸವಲತ್ತಿಗೆ ಬದಲಾಗಿ ಲೈಂಗಿಕ ಸಹಕಾರ ಕೇಳಿದರೆ 3ರಿಂದ 5 ವರ್ಷ ಜೈಲು. “ಆಕೆಯೇ ಒಪ್ಪಿದ್ದಳು” ಎಂದು ಕೋರ್ಟಿನಲ್ಲಿ ವಾದಿಸುವ ದಾರಿಯನ್ನೂ ಮುಚ್ಚಲಾಗಿತ್ತು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೂ ಇದನ್ನು ದುರ್ನಡತೆ ಎಂದು ಸೇರಿಸಿದರು.

◆ ಈ ತಿದ್ದುಪಡಿಯನ್ನು ಚರ್ಚಿಸಲು ಶಾಸಕರೇ ಇರಲಿಲ್ಲ! ವಿಧಾನಸಭೆ ಆಗಲೇ ವಿಸರ್ಜನೆಯಾಗಿತ್ತು. ರಾಜ್ಯಪಾಲ ಸತ್ಯಪಾಲ್ ಮಲಿಕ್ ಅಧ್ಯಕ್ಷತೆಯ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಆಯಸ್ಸೂ ಹೆಚ್ಚಿರಲಿಲ್ಲ. 2019ರ ಅಕ್ಟೋಬರ್ 31ರಂದು ರಾಜ್ಯ ಕೇಂದ್ರಾಡಳಿತ ಪ್ರದೇಶವಾದಾಗ ರಣಬೀರ್ ಸಂಹಿತೆ ಹೋಯಿತು, ಅದರೊಂದಿಗೆ 354-ಇ ಕೂಡ. ಐಪಿಸಿಯಲ್ಲಿ ಅದರ ಜೋಡಿ ಸೆಕ್ಷನ್ ಇರಲಿಲ್ಲ.

◆ ಹಾಗಾದರೆ ಆ ಸಾಹೇಬನಿಗೆ ಇಂದು ಏನೂ ಆಗದೇ? ಆಗುತ್ತದೆ, ಆದರೆ ಬಿಡಿಬಿಡಿಯಾಗಿ. ಬಾಯಿಬಿಟ್ಟು ಕೇಳಿದ್ದಕ್ಕೆ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್, ಗರಿಷ್ಠ 3 ವರ್ಷ. ಅಧಿಕಾರ ಬಳಸಿ ಸಂಭೋಗಕ್ಕೆ ಒಲಿಸಿಕೊಂಡರೆ, ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ, 68ನೇ ಸೆಕ್ಷನ್, 5ರಿಂದ 10 ವರ್ಷ. ಲಂಚ ಅಂದರೆ ಹಣವೇ ಆಗಬೇಕೆಂದು ಕೇಂದ್ರದ ಭ್ರಷ್ಟಾಚಾರ ತಡೆ ಕಾಯ್ದೆಯೂ ಹೇಳುವುದಿಲ್ಲ.

◆ 1860ರ ಐಪಿಸಿಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ ಎಂಬುದೇ ಇರಲಿಲ್ಲ. 1983ರಲ್ಲಿ 7 ವರ್ಷ ಬಂತು, 2018ರಲ್ಲಿ 10 ಆಯಿತು.

◆ ದೆಹಲಿಯ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಗೆ ಸುಮಾರು 80 ಸಾವಿರ ಸಲಹೆಗಳು ಬಂದವು. ಅಷ್ಟನ್ನೂ ಅರಗಿಸಿಕೊಂಡು 29 ದಿನದಲ್ಲಿ, 2013ರ ಜನವರಿ 23ಕ್ಕೆ, ಸಮಿತಿ ವರದಿ ಕೊಟ್ಟಿತು. ಅತ್ಯಾಚಾರಕ್ಕೆ ಗಲ್ಲು ಬೇಡ ಎಂಬುದು ಅದರ ನಿಲುವು. ಹನ್ನೊಂದೇ ದಿನದಲ್ಲಿ ಹೊರಟ ಸುಗ್ರೀವಾಜ್ಞೆಯಲ್ಲಿ ಗಲ್ಲು ಇತ್ತು!

◆ ಕರ್ನಾಟಕ ಹಿಡಿದದ್ದು ಬೇರೆ ದಾರಿ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಲೈಂಗಿಕ ದೌರ್ಜನ್ಯ ಎಸಗುವವರನ್ನೂ ಆ್ಯಸಿಡ್ ದಾಳಿಕೋರರನ್ನೂ ಅದರೊಳಗೆ ಸೇರಿಸಲಾಯಿತು. ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆಯ ಬಂಧನ. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಕೇಳಲು ಹಿತ, ಆದರೆ ವಿಚಾರಣೆಯಿಲ್ಲದ ಜೈಲು ಯಾರ ಮೇಲೆ ಬಂದರೂ ನನಗೆ ಇರಿಸುಮುರುಸೇ.

◆ “ಇದು ನಮ್ಮ ಲಿಮಿಟ್‌ಗೆ ಬರಲ್ಲಮ್ಮ, ಆ ಸ್ಟೇಷನ್‌ಗೆ ಹೋಗಿ” ಎಂದು ಸಾಗಹಾಕುವಂತಿಲ್ಲ. ಯಾವ ಠಾಣೆಯಲ್ಲಾದರೂ ‘ಝೀರೋ ಎಫ್‌ಐಆರ್’ ಆಗಲೇಬೇಕು. ಅತ್ಯಾಚಾರದಂಥ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್ ಅಡಿ 6 ತಿಂಗಳಿಂದ 2 ವರ್ಷ ಕಠಿಣ ಸಜೆ. ಸಂತ್ರಸ್ತೆಗೆ ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಯ ಮುಖ್ಯಸ್ಥರಿಗೆ, ಅದು ಖಾಸಗಿಯಾದರೂ ಸರಿ, ಒಂದು ವರ್ಷದವರೆಗೆ ಜೈಲು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬರೆದು ಅಂಚೆಯಲ್ಲಿ ನೇರ ಎಸ್‌ಪಿ ಅವರಿಗೆ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.