ಎಂಜಲೆಲೆಯ ಲೆಕ್ಕ

ಒಮ್ಮೆ ಬಳಸಿ ಎಸೆಯುವ ರೂಢಿ ಜನಪದರಿಗೆ ಹೊಸತೇನಲ್ಲ. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ, ಒಣಗಿಸಿ, ಕಟ್ಟುಕಟ್ಟಿ ಅಟ್ಟದಲ್ಲಿರಿಸಿ, ಉಣ್ಣುವ ಮುನ್ನ ನೀರು ಚಿಮುಕಿಸಿ ಹಾಸುವ ಪತ್ರಾವಳಿ ಒಂದೇ ಊಟದ್ದು. ಉಂಡ ಬಳಿಕ ಅದು ತಿಪ್ಪೆಗೆ ಸಲ್ಲುತ್ತಿತ್ತು. ಬಾಳೆಯೆಲೆಯಾದರೆ ದನದ ಬಾಯಿಗೆ. ಉಕ್ಕಿನ ತಟ್ಟೆಯ ತಯಾರಿಕೆಗೆ ಗಣಿ, ಕುಲುಮೆಗಳ ಭಾರವಿದೆಯಾದರೂ ಬಳಕೆ ಹೆಚ್ಚಿದಂತೆಲ್ಲ ಒಂದೊಂದು ಊಟದ ಪಾಲಿಗೆ ಆ ಭಾರ ತಗ್ಗುತ್ತದೆ. ತೊಳೆಯುವ ನೀರಿನ ವೆಚ್ಚ ಮಾತ್ರ ಪ್ರತಿಸಲವೂ ಇದ್ದದ್ದೇ. ಆದ್ದರಿಂದ ಮನೆಯ ನಿತ್ಯದೂಟಕ್ಕೆ ತಟ್ಟೆ, ಬಯಲುಸೀಮೆಯ ಬೇಸಿಗೆಯ ಜಾತ್ರೆಗೆ ಎಲೆ ಎಂಬ ಹಳೆಯ ವಿಂಗಡಣೆ ವಿವೇಕಯುತವಾದುದೇ. ಪ್ಲಾಸ್ಟಿಕ್ ತಟ್ಟೆಗಳನ್ನು ಕರ್ನಾಟಕವು 2016ರಲ್ಲಿಯೂ ಕೇಂದ್ರ ಸರ್ಕಾರವು 2022ರಲ್ಲಿಯೂ ನಿಷೇಧಿಸಿದವು. ತೊಡಕಿರುವುದು ಎಲೆಯ, ಕಾಗದದ ವೇಷ ತೊಟ್ಟ ತಟ್ಟೆಗಳಲ್ಲಿ. ಇವುಗಳಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪೊರೆ ತಿಪ್ಪೆಯಲ್ಲಿ ಕೊಳೆಯುವುದಿಲ್ಲ. ಎಂಜಲಿನ ವಾಸನೆಗೆ ಬಂದು ಮೇಯ್ದ ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯುತ್ತದೆ.