ಚಿಣ್ಣಿಯ ಜೊತೆ ಬಂದ ಎಣಿಕೆ

ಮೊಳದುದ್ದದ ದಾಂಡು, ಎರಡೂ ತುದಿ ಚೂಪು ಮಾಡಿದ ಪುಟ್ಟ ಚಿಣ್ಣಿ, ನೆಲದಲ್ಲೊಂದು ಗುಳಿ. ಇಷ್ಟಾದರೆ ಮಕ್ಕಳ ಆಟ ಸಿದ್ಧ.

ನಮ್ಮ ಚಿಣ್ಣಿದಾಂಡು ಮರಾಠಿಯಲ್ಲಿ ವಿಟಿದಾಂಡು, ತಮಿಳಿನಲ್ಲಿ ಕಿಟ್ಟಿಪುಳ್ಳು, ಮಲಯಾಳದಲ್ಲಿ ಕುಟ್ಟಿಯುಂ ಕೋಲುಂ. ಗುಳಿಯ ಮೇಲಿಟ್ಟ ಚಿಣ್ಣಿಯನ್ನು ದಾಂಡಿನಿಂದ ಚಿಮ್ಮಿಸಬೇಕು. ಎದುರಿನವರು ಹಿಡಿದರೆ ಔಟು. ಹಿಡಿಯದಿದ್ದರೆ ಅದು ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುವುದು.

ಆ ಎಣಿಕೆಯನ್ನು ಗಮನಿಸಿ. ಮರಾಠಿ ಮಕ್ಕಳು ‘ವಕಟ, ಲೇಂಡ, ಮೂಂಡ, ನಾಲ’ ಎನ್ನುತ್ತಿದ್ದರು. ಇವು ಮರಾಠಿಯ ಏಕ, ದೋನ, ತೀನ, ಚಾರ ಅಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು. ನಾಲ ನಮ್ಮ ನಾಲ್ಕಿಗೂ ನೆಂಟ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲೇ ಮಕ್ಕಳ ಬಾಯಲ್ಲಿ ಭಾಷೆಗಳು ಬೆರೆತಿದ್ದವು.

ನಿಮ್ಮೂರಿನಲ್ಲಿ ಹೇಗೆ ಎಣಿಸುತ್ತಿದ್ದರು? ಹಿರಿಯರನ್ನು ಇಂದೇ ಕೇಳಿ, ಮಕ್ಕಳಿಗೂ ಹೇಳಿಕೊಡಿ. ಆಟ ನಿಂತರೆ ಆ ಮಾತುಗಳೂ ಮರೆಯಾಗುತ್ತವೆ.